ಸುಲಿದರೂ ಸಾಯದ ಗಿಡ

ಟ್ರ್ಯಾಕ್ಟರಿನ ಟ್ಯಾಪೆಟ್ ಕವರಿನಿಂದ ಎಣ್ಣೆ ಜಿನುಗುತ್ತಿದೆ ಎಂದು ಅಣ್ಣಿಗೇರಿಯಲ್ಲೋ ನವಲಗುಂದದಲ್ಲೋ ಗ್ಯಾರೇಜಿಗೆ ಹೋದರೆ, ಮಿಸ್ತ್ರಿ ಕವರು ಬಿಚ್ಚಿ, ಹಳೆಯದನ್ನು ಕೆರೆದು ತೆಗೆದು, ಹೊಸ ಕಾರ್ಕ್ ಪ್ಯಾಕಿಂಗ್ ಕೂರಿಸುತ್ತಾರೆ. ಕಂದು ಬಣ್ಣದ, ಹರಳುಹರಳಾಗಿ ಕಾಣುವ, ಉಗುರು ಊರಿದರೆ ತಗ್ಗು ಬಿದ್ದು ಮತ್ತೆ ಮೇಲೇಳುವ ಪಟ್ಟಿ ಅದು. ಒಳ್ಳೆಯ ಶಟಲ್ ಕಾಕಿನ ಬುಡದಲ್ಲಿರುವುದೂ ಅದೇ ವಸ್ತು. ಕ್ರಿಕೆಟ್ಟಿನ ಚರ್ಮದ ಚೆಂಡನ್ನು ಕೊಯ್ದರೆ ನೂಲಿನ ಸುತ್ತಿನ ನಡುವೆ ಸಿಗುವುದೂ ಅದೇ. ಪ್ಯಾಕಿಂಗಿಗೆ ಬರುವ ಪುಡಿ ಹೆಚ್ಚಾಗಿ ಇನ್ನೊಂದು ಉದ್ಯಮದ ಕತ್ತರಿಕೆಯಲ್ಲಿ ಉಳಿದ ಚೂರು. ಆ ಉದ್ಯಮ ವೈನ್ ಬಾಟಲಿಯ ಬೂಚಿನದು. ಪೋರ್ಚುಗಲ್ ಹೊರದೇಶಗಳಿಗೆ ಮಾರುವ ಕಾರ್ಕಿನ ಹಣದಲ್ಲಿ ಮುಕ್ಕಾಲರ ಹತ್ತಿರ ಬರುವುದು ಬೂಚುಗಳಿಂದಲೇ.

ಬೂಚಿನ ಕೆಲಸವನ್ನು ಎರೆಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಗೇವು ಕಂಡವರಿಗೆ ಅದು ಗೊತ್ತು. ನೆಲದಾಳದ ಗುಂಡಿಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ ಗಾಳಿಯಾಡದಂತೆ ಮಾಡುತ್ತಿದ್ದರು. ಕಾಳು ತಾನೇ ಉಸಿರಾಡಿ ಒಳಗಿದ್ದ ಆಮ್ಲಜನಕವನ್ನು ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಉಳಿಯುವುದಿಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕಂದೀಲು ಇಳಿಬಿಟ್ಟು, ಅದು ಆರಲಿಲ್ಲ ಎಂದರೆ ಮಾತ್ರ ಆಳು ಇಳಿಯುತ್ತಿದ್ದ. ವೈನಿನ ಬಾಟಲಿ ಒಂದು ಪುಟ್ಟ ಹಗೇವು. ಬಾಯಿ ಸಡಿಲಾಗಿ ಗಾಳಿ ಸೇರಿತೆಂದರೆ ಬ್ಯಾಕ್ಟೀರಿಯಾಗಳು ಅಲ್ಕೋಹಾಲನ್ನು ಅಸಿಟಿಕ್ ಆಮ್ಲವಾಗಿಸುತ್ತವೆ, ವೈನು ಹುಳಿಯಾಗಿ ವಿನೆಗರ್ ಆಗುತ್ತದೆ.

ಯುರೋಪಿನಲ್ಲಿ ಮೊದಲು ಎಣ್ಣೆಯಲ್ಲಿ ಅದ್ದಿದ ಚಿಂದಿ ತುರುಕುತ್ತಿದ್ದರು, ಕಟ್ಟಿಗೆಯ ಗೂಟ ಬಡಿಯುತ್ತಿದ್ದರು. 17ನೇ ಶತಮಾನದಲ್ಲಿ ಗಟ್ಟಿ ಗಾಜಿನ ಬಾಟಲಿ ಬಂದ ಮೇಲೆ ಕಾರ್ಕಿಗೆ ಬೆಲೆ ಬಂತು. ಅದೇ ಕಾಲದಲ್ಲಿ, 1665ರಲ್ಲಿ, ಇಂಗ್ಲೆಂಡಿನ ರಾಬರ್ಟ್ ಹುಕ್ ಕಾರ್ಕಿನ ತೆಳ್ಳನೆಯ ಬಿಲ್ಲೆಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಸಾಲುಸಾಲು ಖಾಲಿ ಕೋಣೆಗಳ ಚಿತ್ರ ಬರೆದ. ಶಾಲೆಯಲ್ಲಿ ಜೀವಕೋಶದ ಪಾಠ ಶುರುವಾಗುವುದು ಈ ಬೂಚಿನ ಚೂರಿನಿಂದಲೇ. ಒಂದು ಘನ ಸೆಂಟಿಮೀಟರ್ ಕಾರ್ಕಿನಲ್ಲಿ ಅಂಥ ಕೋಣೆಗಳು ಸುಮಾರು 4 ಕೋಟಿ. ಒಳಗೆ ಬರೀ ಗಾಳಿ; ಗೋಡೆಗೆ ಸುಬೆರಿನ್ ಎಂಬ ಮೇಣದಂಥ ವಸ್ತುವಿನ ಲೇಪ. ನೀರು ಒಳಗೆ ಇಳಿಯದು, ಗಾಳಿ ಸುಲಭಕ್ಕೆ ಹಾಯದು. ಇನ್ನೊಂದು ಗುಣ ರಬ್ಬರಿಗೂ ಇಲ್ಲ: ರಬ್ಬರನ್ನು ಮೇಲಿಂದ ಒತ್ತಿದರೆ ಬದಿಗೆ ಉಬ್ಬುತ್ತದೆ, ಕಾರ್ಕ್ ಉಬ್ಬುವುದಿಲ್ಲ. 24 ಮಿಲಿಮೀಟರ್ ದಪ್ಪದ ಬೂಚನ್ನು ಯಂತ್ರದ ದವಡೆ 16ಕ್ಕೆ ಹಿಂಡಿ, ಹದಿನೆಂಟೂವರೆ ಮಿಲಿಮೀಟರಿನ ಬಾಟಲಿ ಕೊರಳಿಗೆ ತಳ್ಳುತ್ತದೆ. ಅಲ್ಲಿ ಅದು ಅರಳಿಕೊಂಡು ಗಾಜನ್ನು ಹಿಡಿದರೆ ವರ್ಷಗಟ್ಟಲೆ ಬಿಡುವುದಿಲ್ಲ.

ಈ ವಸ್ತು ಕಾರ್ಕ್ ಓಕ್ ಎಂಬ ಗಿಡದ ತೊಗಟೆ. ಮೆಡಿಟರೇನಿಯನ್ ಸಮುದ್ರದ ಪಡುವಣ ಭಾಗದಲ್ಲಿ ಮಾತ್ರ ಅದರ ಕಾಡು ಇದೆ: ಪೋರ್ಚುಗಲ್, ಸ್ಪೇನ್, ಮೊರಾಕೊ, ಅಲ್ಜೀರಿಯಾ, ಟ್ಯುನಿಷಿಯಾ, ಇಟಲಿ, ಫ್ರಾನ್ಸ್. ಎಲ್ಲ ಸೇರಿ 20 ಲಕ್ಷ ಹೆಕ್ಟೇರಿಗೆ ಕೊಂಚ ಹೆಚ್ಚು. ಮೂರರಲ್ಲಿ ಒಂದು ಪಾಲು ಕಾಡು ಪೋರ್ಚುಗಲ್ಲಿನದು, ಜಗತ್ತಿನ ಕಾರ್ಕಿನಲ್ಲಿ ಹತ್ತಿರ ಹತ್ತಿರ ಅರ್ಧವೂ ಅಲ್ಲಿಯದೇ.

ಸುಲಿಯುವ ಕೆಲಸ ಮೇ ನಡುವಿನಿಂದ ಆಗಸ್ಟ್‌ವರೆಗೆ. ಆಗ ಗಿಡದಲ್ಲಿ ರಸ ಓಡಾಡುತ್ತಿರುತ್ತದೆ, ತೊಗಟೆ ಸಲೀಸಾಗಿ ಬಿಟ್ಟುಕೊಡುತ್ತದೆ. ಒಂದು ಗಿಡಕ್ಕೆ ಇಬ್ಬರು. ಕೈಯಲ್ಲಿ ಕೊಡಲಿ, ಬೇರೆ ಯಂತ್ರವಿಲ್ಲ. ತೊಗಟೆಯಲ್ಲಿ ಆಳವಾದ ಬಿರುಕು ಎಲ್ಲಿದೆ ನೋಡಿ ಅಲ್ಲೇ ಮೇಲಿಂದ ಕೆಳಗೆ ಏಟು ಹಾಕುತ್ತಾರೆ, ಕೊಡಲಿಯ ಬಾಯನ್ನು ತುಸು ತಿರುವುತ್ತಾರೆ. ಸದ್ದು ಪೊಳ್ಳಾಗಿ ಬಂದರೆ ತೊಗಟೆ ಬಿಟ್ಟಿದೆ ಎಂದು ಲೆಕ್ಕ. ಮೇಲೊಂದು ಅಡ್ಡ ಗೀರು ಹಾಕಿ, ಹಿಡಿಯ ತುದಿಯನ್ನು ಸಂದಿಗೆ ತೂರಿಸಿ ಮೀಟಿದರೆ ಆಳೆತ್ತರದ ಹಲಗೆ ಹಾಗೇ ಕಳಚಿ ಬರುತ್ತದೆ. ಏಟು ಒಂದೆಳೆ ಆಳಕ್ಕೆ ಹೋದರೂ ಒಳಗಿನ ಜೀವಪದರಕ್ಕೆ ಗಾಯ. ಆ ಗಾಯದ ಜಾಗದಲ್ಲಿ ಮುಂದೆ ಒಳ್ಳೆಯ ಕಾರ್ಕ್ ಬರುವುದಿಲ್ಲ. ಕೈಪಳಗಿದ ಸುಲಿಗಾರರಿಗೆ ಅಲ್ಲಿನ ಹೊಲಗೆಲಸದಲ್ಲೇ ಎಲ್ಲರಿಗಿಂತ ಹೆಚ್ಚಿನ ಕೂಲಿ ಸಿಗುವುದು ಇದಕ್ಕೇ. ಸುಲಿದ ಕಾಂಡ ಕೆಮ್ಮಣ್ಣಿನ ಬಣ್ಣದಲ್ಲಿ ಬೋಳಾಗಿ ನಿಂತಿರುತ್ತದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದೇ ಒಂದು ಅಂಕಿ ಬರೆಯುತ್ತಾರೆ. 2024ರಲ್ಲಿ ಸುಲಿದ ಗಿಡಕ್ಕೆ 4. ಅದನ್ನು ಮತ್ತೆ ಮುಟ್ಟುವುದು 2033ಕ್ಕೆ.

ಎರಡು ಸುಲಿತಗಳ ನಡುವೆ ಕನಿಷ್ಠ 9 ವರ್ಷ ಇರಬೇಕೆಂಬುದು ಪೋರ್ಚುಗಲ್ಲಿನ ಕಾನೂನು. ಕಾನೂನಿನ ಹಿಂದೆ ಸರಳವಾದ ಅಳತೆಯೊಂದಿದೆ. ಬೂಚನ್ನು ತೊಗಟೆಯ ದಪ್ಪದಲ್ಲಿ, ಗಿಡ ನಿಂತ ನಿಲುವಿನಲ್ಲೇ ಉದ್ದಕ್ಕೆ ಕೊರೆದು ತೆಗೆಯುತ್ತಾರೆ. ತೊಗಟೆ ಉಸಿರಾಡುವ ಸಣ್ಣ ರಂಧ್ರಗಳು ಒಳಗಿನಿಂದ ಹೊರಗೆ ಸಾಗುವುದರಿಂದ, ಹೀಗೆ ಕೊರೆದಾಗ ಅವು ಬೂಚಿಗೆ ಅಡ್ಡವಾಗಿ ಬೀಳುತ್ತವೆ. ಉದ್ದಕ್ಕೆ ಬಿದ್ದಿದ್ದರೆ ವೈನು ಅಲ್ಲಿಂದಲೇ ಸೋರುತ್ತಿತ್ತು. ಹೀಗಾಗಿ 24 ಮಿಲಿಮೀಟರಿನ ಬೂಚು ಬೇಕೆಂದರೆ ತೊಗಟೆ ಅದಕ್ಕಿಂತ ದಪ್ಪ ಇರಲೇಬೇಕು, ಅಷ್ಟು ದಪ್ಪ ಬೆಳೆಯಲು ಗಿಡಕ್ಕೆ ಒಂಬತ್ತು ವರ್ಷ ಹಿಡಿಯುತ್ತದೆ.

ಮೊದಲ ಸುಲಿತ ಗಿಡಕ್ಕೆ 25 ವರ್ಷವಾದಾಗ. ಆ ತೊಗಟೆ ಗಂಟುಗಂಟು, ಬೂಚಿಗೆ ಬಾರದು. ಒಂಬತ್ತು ವರ್ಷ ಬಿಟ್ಟು ಎರಡನೆಯದು, ಅದೂ ಅಷ್ಟಕ್ಕಷ್ಟೇ. ಮೂರನೆಯ ಸುಲಿತದಲ್ಲಿ, ಅಂದರೆ ನೆಟ್ಟ 43ನೇ ವರ್ಷಕ್ಕೆ, ಬೂಚಿನ ಕಾರ್ಕ್ ಕೈಗೆ ಬರುತ್ತದೆ. ಯಾವ ಬ್ಯಾಂಕೂ ಇಂಥ ಬೆಳೆಗೆ ಸಾಲ ಕೊಡಲಾರದು. ಆದರೆ ಅಲ್ಲಿಂದಾಚೆ ಗಿಡ 200 ವರ್ಷದವರೆಗೂ ಕೊಡುತ್ತಲೇ ಹೋಗುತ್ತದೆ. ಪೋರ್ಚುಗಲ್ಲಿನ ಆಗ್ವಾಸ್ ದಿ ಮೌರಾ ಎಂಬಲ್ಲಿ 18ನೇ ಶತಮಾನದ ಕೊನೆಗೆ ನೆಟ್ಟ ಗಿಡವೊಂದಿದೆ. ಅದರಲ್ಲಿ ಕೂಡುವ ಹಕ್ಕಿಗಳ ಗದ್ದಲಕ್ಕೆ ಸಿಳ್ಳೆ ಹೊಡೆಯುವ ಗಿಡ ಎಂದೇ ಹೆಸರು. 1991ರಲ್ಲಿ ಆ ಒಂದೇ ಗಿಡ 1,200 ಕಿಲೋ ಕಾರ್ಕ್ ಕೊಟ್ಟಿತು, ಅದರಿಂದ ಲಕ್ಷಕ್ಕೂ ಹೆಚ್ಚು ಬೂಚುಗಳಾದವು.

ನಮ್ಮ ಕಲಘಟಗಿ ಕಾಡಿನಲ್ಲಿ ದಪ್ಪ ತೊಗಟೆಯ ಗಿಡಗಳಿಗೇನು ಕೊರತೆಯಿಲ್ಲ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಸೀಳಿರುತ್ತದೆ. ಆದರೆ ಅದನ್ನು ಸುತ್ತಲೂ ಸುಲಿದು ನೋಡಿ, ಗಿಡ ನಿಂತಲ್ಲೇ ಒಣಗುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಒಳತೊಗಟೆಯಲ್ಲಿದೆ. ಸುಲಿಯುವಾಗ ಅದೂ ಕಿತ್ತು ಬರುತ್ತದೆ. ಕಾರ್ಕ್ ಓಕಿನಲ್ಲಿ ಹೊರತೊಗಟೆಯಷ್ಟೇ ಬೇರೆಯಾಗಿ ಕಳಚುತ್ತದೆ, ಉಳಿದ ಪದರದಲ್ಲಿ ಹೊಸ ತೊಗಟೆ ಹುಟ್ಟಿಸುವ ಅಂಗಾಂಶ ಮತ್ತೆ ಮೂಡುತ್ತದೆ. ಮತ್ತೆ ಮತ್ತೆ ಕಾಳ್ಗಿಚ್ಚು ಬೀಳುವ ಆ ಸೀಮೆಯಲ್ಲಿ ಬೆಂಕಿಯಿಂದ ಉಳಿಯಲು ಗಿಡ ತೊಟ್ಟುಕೊಂಡ ಕವಚವೇ ಈ ಕಾರ್ಕ್. ನಮ್ಮಲ್ಲೂ ಬಿರಟೆ ಮರ ಇದೆಯಲ್ಲ ಎನ್ನಬಹುದು. ರಸ್ತೆಬದಿಯಲ್ಲಿ ನೆಟ್ಟಗೆ ಬೆಳೆದು, ಮಳೆಗಾಲ ಕಳೆದ ಮೇಲೆ ರಾತ್ರಿಯಿಡೀ ಬಿಳಿ ಹೂ ಸುರಿಸುವ ಆಕಾಶಮಲ್ಲಿಗೆಯೇ ಅದು. ಅದರ ತೊಗಟೆಯಿಂದ ಬೂಚು ಮಾಡುತ್ತಿದ್ದುದು ನಿಜ. ಅದು ಕೀಳು ದರ್ಜೆಯದು. ಸೀಸೆಗೆ ಸಾಕು, ವೈನಿಗೆ ಸಾಲದು.

ಕಾರ್ಕ್ ಕಾಡನ್ನು ಪೋರ್ಚುಗಲ್ಲಿನಲ್ಲಿ ಮೊಂಟಾಡೊ ಎನ್ನುತ್ತಾರೆ. ಅರ್ಧ ಕಾಡು, ಅರ್ಧ ಹೊಲ. ಗಿಡಗಳು ದೂರದೂರ ಇರುತ್ತವೆ, ನಡುವೆ ಕುರಿ ಮೇಯುತ್ತವೆ, ಉದುರಿದ ಓಕ್ ಕಾಯಿ ತಿಂದು ಕರಿ ಹಂದಿಗಳು ಕೊಬ್ಬುತ್ತವೆ, ಜೇನು, ಅಣಬೆ ಸಿಗುತ್ತವೆ. ಅಳಿವಿನ ಅಂಚಿಗೆ ಹೋಗಿದ್ದ ಐಬೀರಿಯಾದ ಲಿಂಕ್ಸ್ ಬೆಕ್ಕಿಗೂ ಒಂದು ಜಾತಿಯ ದೊಡ್ಡ ಹದ್ದಿಗೂ ಇಂಥ ಕಾಡುಗಳಲ್ಲಿ ನೆಲೆ. ಒಣ ಗಾಳಿಯ ಈ ನೆಲ ಮರುಭೂಮಿಯಾಗದೆ ಉಳಿದದ್ದರಲ್ಲಿ ಆ ಗಿಡಗಳ ಪಾಲು ದೊಡ್ಡದು. 2011ರಲ್ಲಿ ಪೋರ್ಚುಗಲ್ ಅದನ್ನು ರಾಷ್ಟ್ರವೃಕ್ಷ ಎಂದು ಸಾರಿತು. ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಆದರೂ ಆ ಕಾಡನ್ನು ಇಷ್ಟು ಕಾಲ ಕಾದದ್ದು ಬರೀ ಕಾನೂನು ಎಂದು ನನಗೆ ಅನಿಸುವುದಿಲ್ಲ. ನಿಂತ ಗಿಡದಿಂದ ಒಂಬತ್ತು ವರ್ಷಕ್ಕೊಮ್ಮೆ ಮನೆಗೆ ದುಡ್ಡು ಬರುವಾಗ ಕಡಿಯುವ ಯೋಚನೆ ಯಾರಿಗೂ ಬರುವುದಿಲ್ಲ.

ದುಡ್ಡು ನಿಂತರೆ? ಆ ಹೆದರಿಕೆ ನಿಜವಾಗಿಯೇ ಎದುರಾಯಿತು. ಕೆಲವು ಬಾಟಲಿ ತೆಗೆದರೆ ಒದ್ದೆ ರಟ್ಟಿನ, ಬೂಸಲು ಹಿಡಿದ ಬಟ್ಟೆಯ ವಾಸನೆ. 1980ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಕಾರಣ ಹಿಡಿದರು: ಟಿಸಿಎ ಎಂಬ ರಾಸಾಯನಿಕ. ಕ್ಲೋರಿನ್ ಸೇರಿದ ಸಂಯುಕ್ತಗಳ ಮೇಲೆ ಬೂಸಲು ಕೆಲಸ ಮಾಡಿದಾಗ ಅದು ಹುಟ್ಟುತ್ತದೆ, ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಕಾರ್ಕ್ ಬಿಳಿಯಾಗಲೆಂದು ಕ್ಲೋರಿನ್ನಿನಲ್ಲಿ ತೊಳೆಯುತ್ತಿದ್ದವರೇ ಕೆಡುಕನ್ನು ಹೆಚ್ಚಿಸಿದ್ದರು. ಬೇಸತ್ತ ವೈನ್ ತಯಾರಕರು ಪ್ಲಾಸ್ಟಿಕ್ ಬೂಚಿಗೂ ಅಲ್ಯುಮಿನಿಯಂ ತಿರುಪು ಮುಚ್ಚಳಕ್ಕೂ ತಿರುಗಿದರು. 2000ದಲ್ಲಿ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ಹಲವು ತಯಾರಕರು, ಮರುವರ್ಷ ನ್ಯೂಜಿಲೆಂಡಿನ ಹಲವರು ಒಟ್ಟಾಗಿ ತಿರುಪು ಮುಚ್ಚಳ ಹಿಡಿದರು. ಹೀಗೇ ಆದರೆ ಹತ್ತೇ ವರ್ಷದಲ್ಲಿ ಕಾರ್ಕ್ ಕಾಡಿನ ಮುಕ್ಕಾಲು ಪಾಲು ಹಾಳಾದೀತು ಎಂದು ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆ 2006ರಲ್ಲಿ ಎಚ್ಚರಿಸಿತು. ಹಾಗಾಗಲಿಲ್ಲ. ಕಾರ್ಖಾನೆಗಳು ಕ್ಲೋರಿನ್ ಬಿಟ್ಟವು, ದುಬಾರಿ ಬೂಚುಗಳನ್ನು ಒಂದೊಂದಾಗಿ ಯಂತ್ರದಲ್ಲಿ ಪರೀಕ್ಷಿಸತೊಡಗಿದವು, ಮಾರುಕಟ್ಟೆ ಮರಳಿ ಬಂತು. ಈಗಿನ ಕಂಟಕ ಬೇರೆ: ಬರ, ಬಿಸಿಲು, ನೀಲಗಿರಿ. ಪೋರ್ಚುಗಲ್ಲಿನಲ್ಲಿ ಇವತ್ತು ಕಾರ್ಕ್ ಓಕಿಗಿಂತ ಹೆಚ್ಚು ನೆಲ ಹಿಡಿದಿರುವುದು ಕಾಗದದ ತಿರುಳಿಗೆಂದು ನೆಟ್ಟ ನೀಲಗಿರಿ.

ಈ ಕಥೆ ಧಾರವಾಡದವರಿಗೆ ಹೊಸದಲ್ಲ. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಕಟ್ಟಿದವು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳ 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ. ಅದು ಸುತ್ತಲಿನ ಹಳ್ಳಿಯವರ ದನ ಮೇಯುತ್ತಿದ್ದ, ಹೊರೆ ಕಟ್ಟಿಗೆ ಸಿಗುತ್ತಿದ್ದ ನೆಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳುತನದಲ್ಲಿ, ಇದನ್ನು ಎದುರಿಸಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರೂ ಇತ್ತು. 1987ರ ನವೆಂಬರ್ 14ರಂದು, ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಎಂದು ಹೆಸರಾದ ಸತ್ಯಾಗ್ರಹ ಅದು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು. ಕಡಿದು ಲಾರಿಗೆ ತುಂಬಿದರೆ ಮಾತ್ರ ದುಡ್ಡಾಗುವ ಗಿಡ, ಆ ದುಡ್ಡೂ ದೂರದವರಿಗೆ: ಜಗಳ ಇದ್ದದ್ದು ಅಲ್ಲಿ. ಸುಸ್ಥಿರತೆ ಎಂಬ ಮಾತನ್ನು ಭಾಷಣದಿಂದ ಕೆಳಗಿಳಿಸಿ ನೋಡಬೇಕೆಂದರೆ ಮೊಂಟಾಡೊ, ಕುಸನೂರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಹಾಗಾದರೆ ಕರ್ನಾಟಕದ ವೈನಿಗೆ ಕಾರ್ಕೇ ಸರಿಯೆ? ವೈನ್ ದ್ರಾಕ್ಷಿ ನಮ್ಮ ಜಿಲ್ಲೆಯ ಬೆಳೆಯಲ್ಲ. ನಮ್ಮ ಎರೆಹೊಲಕ್ಕೆ ಕಡಲೆ, ಹತ್ತಿ, ಹೆಸರು, ಮೆಣಸಿನಕಾಯಿ. ವೈನ್ ದ್ರಾಕ್ಷಿ ಬೆಳೆಯುವುದು ದೊಡ್ಡಬಳ್ಳಾಪುರದ ಕಡೆ, ನಂದಿಬೆಟ್ಟದ ಬುಡದಲ್ಲಿ, ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ತೋಟದಂಥ ಕಡೆಗಳಲ್ಲಿ; ಮತ್ತೆ ಉತ್ತರಕ್ಕೆ ಕೃಷ್ಣಾ ಕಣಿವೆಯಲ್ಲಿ. ವಿಜಯಪುರದ ದ್ರಾಕ್ಷಿಯಲ್ಲಿ ಬಹುಪಾಲು ಒಣದ್ರಾಕ್ಷಿಗೆ, ತಿನ್ನಲಿಕ್ಕೆ ಹೋಗುತ್ತದೆ. ಉಳಿದದ್ದಕ್ಕೂ ಬೆಲೆ ಸಿಗಲೆಂದು ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಸಾರಾಯಿ ಮಾರಾಟ ನಿಂತದ್ದೂ ಅದೇ ವರ್ಷದ ಜುಲೈ 1ರಂದು ಎಂಬುದು ತಮಾಷೆಯ ಜೋಡಿ.

ಇಲ್ಲಿ ಕಾರ್ಕಿಗೆ ಎರಡು ತೊಡಕು. ಅದು ಪೂರ್ತಿ ಹೊರಗಿನಿಂದ ಬರಬೇಕು. ಅದರಿಂದ ಉಳಿಯುವುದು ಪೋರ್ಚುಗಲ್ಲಿನ ಕಾಡು, ನಮ್ಮದಲ್ಲ. ಇನ್ನೊಂದು ನಮ್ಮ ಬೇಸಿಗೆ. ಬಾಟಲಿ ಮಲಗಿಸಿ ಬೂಚು ಒದ್ದೆಯಾಗಿದ್ದರೆ ಕಾರ್ಕ್ ಬಿಗಿ. ನಮ್ಮ ಅಂಗಡಿಗಳಲ್ಲಿ ಬಾಟಲಿ ನಿಂತೇ ಇರುತ್ತದೆ. ಏಪ್ರಿಲ್-ಮೇ ತಿಂಗಳ ಒಣಹವೆಯಲ್ಲಿ ಬೂಚು ಮೇಲಿನಿಂದ ಒಣಗುತ್ತದೆ, ಕೆಳಗೆ ಕಾದ ವೈನು ಹಿಗ್ಗಿ ಅದನ್ನು ದೂಡುತ್ತದೆ. ವರ್ಷದೊಳಗೆ ಕುಡಿದು ಮುಗಿಸುವ ವೈನಿಗೆ ತಿರುಪು ಮುಚ್ಚಳ ಸಾಕು ಎನ್ನುವವರ ಮಾತು ಹುಸಿಯಲ್ಲ. ನಾಸಿಕದ ಸುಲಾ ಕಂಪನಿ ಆ ದಾರಿ ಹಿಡಿದು ಬಹಳ ಕಾಲವಾಯಿತು.

ತಿರುಪು ಮುಚ್ಚಳವೂ ಪುಕ್ಕಟೆ ಬರುವುದಿಲ್ಲ. ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವ ಹಿಂಡಾಲ್ಕೊ ಕಾರ್ಖಾನೆ ಬೆಳಗಾವಿಯಲ್ಲೇ ಇದೆ. ಆ ಅಲ್ಯುಮಿನಾವನ್ನು ಲೋಹ ಮಾಡಲು ಕಿಲೋಗೆ ಸುಮಾರು 14 ಯೂನಿಟ್ ಕರೆಂಟು ಬೇಕು. ಮುಚ್ಚಳ ಒಂದಕ್ಕೆ 5 ಗ್ರಾಂ ಎಂದು ಹಿಡಿದರೆ 0.07 ಯೂನಿಟ್, 7 ವ್ಯಾಟಿನ ಬಲ್ಬು ಹತ್ತು ತಾಸು ಉರಿದಷ್ಟು. ಅಲ್ಯುಮಿನಿಯಂ ಮುಚ್ಚಳದಿಂದ ಬರುವ ಇಂಗಾಲ ಕಾರ್ಕಿನ 24 ಪಟ್ಟು ಎಂದು 2008ರ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ. ಅದನ್ನು ಮಾಡಿಸಿದ್ದು ಜಗತ್ತಿನ ಅತಿ ದೊಡ್ಡ ಕಾರ್ಕ್ ಕಂಪನಿ ಅಮೊರಿಂ; ಓದುವಾಗ ಇದೂ ನೆನಪಿರಬೇಕು. ಹಳೆಯ ಅಲ್ಯುಮಿನಿಯಂ ಕರಗಿಸಿ ಮಾಡಿದರೆ ಹೊಸದಕ್ಕೆ ಬೇಕಾದ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಆದರೆ ಗುಜರಿಯವರು ಇಷ್ಟು ಸಣ್ಣ ಮುಚ್ಚಳವನ್ನು ಆರಿಸಿ ಇಡುವುದು ಕಷ್ಟ.

ಇಷ್ಟೆಲ್ಲ ವಾದ ನಾಲ್ಕೈದು ಗ್ರಾಮಿನ ವಸ್ತುವಿನ ಮೇಲೆ. ಅದರ ಕೆಳಗಿನ ಗಾಜಿನ ಬಾಟಲಿ ಅರ್ಧ ಕಿಲೋ ತೂಗುತ್ತದೆ. 1,500 ಡಿಗ್ರಿ ಬಿಸಿಯ ಕುಲುಮೆಯಲ್ಲಿ ಕರಗಿ ಬಂದದ್ದು ಅದು. ವೈನ್ ಉದ್ಯಮದ ಇಂಗಾಲದ ಲೆಕ್ಕದಲ್ಲಿ ದೊಡ್ಡ ಪಾಲು ಅದರದೇ. ಬಿಯರ್ ಬಾಟಲಿಯನ್ನು ನಮ್ಮಲ್ಲಿ ವಾಪಸು ತಂದು, ತೊಳೆದು, ಮತ್ತೆ ತುಂಬುವ ಏರ್ಪಾಡು ಹಳೆಯದು. ವೈನಿನ ಬಾಟಲಿಗೂ ಅದನ್ನೇ ಮಾಡಬಹುದು. ಅದಕ್ಕೆ ಎಲ್ಲ ತಯಾರಕರೂ ಒಂದೇ ಅಳತೆಯ, ಹಗುರವಾದ ಬಾಟಲಿ ಒಪ್ಪಿಕೊಳ್ಳಬೇಕಾಗುತ್ತದೆ. ಭಾರದ ಬಾಟಲಿ ಇದ್ದರೆ ಒಳಗಿನ ವೈನೂ ಮೇಲ್ತರದ್ದು ಎಂದುಕೊಳ್ಳುವ ಗಿರಾಕಿ ಇರುವ ತನಕ ಅವರು ಒಪ್ಪುವುದು ಅನುಮಾನ.