ಪಂಚ್ ತಗೊಳ್ಳಲೋ, ಎಕ್ಸ್‌ಟರ್ ತಗೊಳ್ಳಲೋ?

ನಮ್ಮ ಹಳ್ಳಿಖೇಡ (ಬಿ)ಯಲ್ಲಿ ಕಾರು ಕೊಳ್ಳುವವರು ಮೊದಲು ಬಗ್ಗಿ ನೋಡಬೇಕಾದ್ದು ಅದರ ತಳವನ್ನು. ಹುಮನಾಬಾದ್–ಬೀದರ್ ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದರೆ, ಕಬ್ಬಿನ ಟ್ರ್ಯಾಕ್ಟರುಗಳು ಎರೆಮಣ್ಣಿನಲ್ಲಿ ಕೊರೆದ ಜಾಡುಗಳ ನಡುವಿನ ದಿಣ್ಣೆ ತಗ್ಗಿನ ಕಾರನ್ನು ಕೆರೆಯದೆ ಬಿಡದು. ಟಾಟಾ ಪಂಚ್‌ನ ನೆಲದಂತರ 187 ಮಿ.ಮೀ., ಹುಂಡೈ ಎಕ್ಸ್‌ಟರ್‌ನದು 185. ಇದರಲ್ಲಿ ಎರಡೂ ಹೆಚ್ಚುಕಡಿಮೆ ಸಮವೇ. ಎರಡೂ 4 ಮೀಟರಿಗಿಂತ ಗಿಡ್ಡ, ಎರಡಕ್ಕೂ 1.2 ಲೀಟರ್ ಪೆಟ್ರೋಲ್ ಎಂಜಿನ್. ಹಾಗಾಗಿ ಸಣ್ಣ ಕಾರಿನ ತೆರಿಗೆಯೇ ಅನ್ವಯ.

ವ್ಯತ್ಯಾಸ ಇರುವುದು ಎಂಜಿನ್ನಿನ ಸ್ವಭಾವದಲ್ಲಿ. ಪಂಚ್‌ನದು ಮೂರು ಸಿಲಿಂಡರ್. ನಿಂತಲ್ಲಿ ಸಣ್ಣ ನಡುಕ ಕೈಗೆ ತಾಕುತ್ತದೆ. ನಾಲ್ಕು ಸಿಲಿಂಡರಿನ ಎಕ್ಸ್‌ಟರ್ ನುಣುಪು, ಹೈದರಾಬಾದಿನ ಹೆದ್ದಾರಿಗೆ ಹಿತ. ಡಿಕ್ಕಿಯೂ ದೊಡ್ಡದು: 391 ಲೀಟರ್, ಪಂಚ್‌ನದು 366.

ಆದರೆ ಷೋರೂಮಿಗೆ ಮನೆಯ ಹಿರಿಯರನ್ನು ಕರೆದೊಯ್ಯಿರಿ. ಮೊಣಕಾಲು ನೋವಿನ ನಮ್ಮವ್ವ ಪಂಚ್‌ನ ಹಿಂದಿನ ಸೀಟಿನಲ್ಲಿ ಸಲೀಸಾಗಿ ಕೂತು, "ಇದು ಛಲೋ ಅದ ನೋಡಪ್ಪ" ಅಂದಳು. ಅದರ ಬಾಗಿಲು 90 ಡಿಗ್ರಿ ತೆರೆಯುತ್ತದೆ.

ಸುರಕ್ಷತೆಯನ್ನು ಮಾತ್ರ ಬಣ್ಣದ ಜತೆ ತೂಗಬೇಡಿ. 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಪಂಚ್ ದೊಡ್ಡವರ ರಕ್ಷಣೆಗೆ ಐದು ಸ್ಟಾರ್ ಪಡೆಯಿತು. 2023ರಲ್ಲಿ ಬಂದ ಎಕ್ಸ್‌ಟರ್ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಕೊಟ್ಟಿತು. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೇಲರುಗಳ ಬೆನ್ನಿಗೇ ರಾತ್ರಿ ಓಡಿಸುವ ನಮಗೆ ಎರಡೂ ಬೇಕಾದವೇ.

ಹೆದ್ದಾರಿ ಓಡಾಟವೇ ಹೆಚ್ಚಿದ್ದವರು ಎಕ್ಸ್‌ಟರ್ ತಗೊಳ್ಳಿ. ಹೊಲ, ಮನೆ, ವಯಸ್ಸಾದ ತಾಯಿ ಇರುವ ನನ್ನಂಥವರಿಗೆ ಪಂಚ್.