ಕಥೋಲಿಕ ಪಾಠಶಾಲೆಯೂ ಪಾಲಕರ ಧರ್ಮವೂ

ಯೇಸುಸಭೆಯವರು 1880ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯೇ ಮೊದಲಾದ ಕನ್ನಡನಾಡಿನ ಕಥೋಲಿಕ ಶಾಲೆಗಳಲ್ಲಿ ಅನ್ಯಮತೀಯರ ಮಕ್ಕಳೂ ಓದುತ್ತ ಬಂದಿರುವರು. ಇಂತಹ ಶಾಲೆಯು ಮನೆಯವರಿಂದ ಏನನ್ನು ಅಪೇಕ್ಷಿಸಬಹುದೆಂಬುದು ವಿಚಾರಾರ್ಹವಾದುದು.

ಕಥೋಲಿಕ ಸಭೆಯ 1983ರ ಧರ್ಮಸಂಹಿತೆಯು ಮಕ್ಕಳ ಶಿಕ್ಷಣವನ್ನು ತಾಯಿತಂದೆಗಳ ಕರ್ತವ್ಯವೆಂದೂ ಹಕ್ಕೆಂದೂ ಎಣಿಸಿ, ಶಾಲೆಯನ್ನು ಅವರಿಗೆ ಮುಖ್ಯ ಸಹಾಯವೆಂದು ಭಾವಿಸಿದೆ. ಅದರ 796ನೆಯ ವಿಧಿಯಂತೆ ಪಾಲಕರು ಉಪಾಧ್ಯಾಯರೊಡನೆ ನಿಕಟವಾಗಿ ಸಹಕರಿಸಬೇಕು. ಉಪಾಧ್ಯಾಯರೂ ಪಾಲಕರ ಮಾತನ್ನು ಮನಃಪೂರ್ವಕವಾಗಿ ಕೇಳಬೇಕು. ಪಾಲಕರ ಸಂಘ ಅಥವಾ ಸಭೆಗಳು ಏರ್ಪಡಬೇಕು. ಆದುದರಿಂದ ಹಾಜರಿ, ಉಡುಪು, ಶುಲ್ಕ, ನಡತೆ ಇವುಗಳ ನಿಯಮಪತ್ರವು ಏಕಪಕ್ಷದ ಆಜ್ಞೆಯಲ್ಲ, ಉಭಯರ ಒಡಂಬಡಿಕೆ.

ಈ ಒಡಂಬಡಿಕೆಗೆ ಭಾರತದ ಸಂವಿಧಾನವು ಎಲ್ಲೆಯೊಂದನ್ನು ಹಾಕಿದೆ. ಅಲ್ಪಸಂಖ್ಯಾತರು ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು 30ನೆಯ ಅನುಚ್ಛೇದದಲ್ಲಿದ್ದರೆ, ಸರಕಾರದ ಮನ್ನಣೆ ಅಥವಾ ಧನಸಹಾಯ ಪಡೆದ ಶಾಲೆಯು ಪಾಲಕರ ಸಮ್ಮತಿಯಿಲ್ಲದೆ ಅಪ್ರಾಪ್ತವಯಸ್ಕರನ್ನು ಮತಬೋಧೆಗಾಗಲಿ ಪೂಜೆಗಾಗಲಿ ಸೇರಿಸಕೂಡದೆಂದು 28ನೆಯದರ 3ನೆಯ ಖಂಡವು ವಿಧಿಸುವುದು.

ಹಲಸಂಗಿ ಮೊದಲಾದ ವಿಜಯಪುರ ಸೀಮೆಯ ಊರುಗಳಲ್ಲಿ ವಿದ್ಯಾರ್ಥಿಗಳ ತಾಯಿತಂದೆಗಳನ್ನು 'ಪಾಲಕ'ರೆನ್ನುವುದು ರೂಢಿ. ಕಾಯುವವನೆಂಬುದು ಆ ಪದದ ಅರ್ಥ. ಪ್ರವೇಶಪತ್ರವನ್ನು ಓದದೆ ರುಜು ಹಾಕುವವನು, ತಾನು ಕಾಯಬೇಕಾದುದನ್ನೇ ಅರಿಯದೆ ಬಿಟ್ಟುಕೊಟ್ಟಂತಾಗುವುದು.