ಟೊಂಕದ ಮರಳು ಯಾರದ್ದು?

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯ ಪಕ್ಕದಲ್ಲೇ ಇದೆ ಕಾಸರಕೋಡ ಟೊಂಕ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆ ಇಲ್ಲಿ ದಡಕ್ಕೆ ಬರುತ್ತದೆ. ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮತ್ತೆ ನೀರಿಗಿಳಿಯುತ್ತದೆ. ಮರಿ ಹೊರಬರಲು 45ರಿಂದ 60 ದಿನ ಬೇಕು.

ಅಲ್ಲಿಯವರೆಗೆ ಕಾಯುವವರು ಯಾರು? ಇಲ್ಲಿನ ಮೀನುಗಾರರೇ. ಬೆಳಗಿನ ಜಾವ ಮರಳಿನ ಮೇಲೆ ಆಮೆ ತೆವಳಿದ ಗುರುತು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ನಾಯಿ ಕೆದಕದಂತೆ ಗೂಡಿನ ಸುತ್ತ ಬೇಲಿ ಏಳುತ್ತದೆ.

ಅದೇ ಮರಳಲ್ಲಿ ಹೆಂಗಸರು ಮೀನು ಹರವಿ ಒಣಗಿಸುತ್ತಾರೆ. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದಾಗ ಎಷ್ಟೋ ಮನೆಗಳಿಗೆ ಈ ಒಣಮೀನೇ ಆಧಾರ.

ಇಂಥ ಕಡೆಗೇ ಬಂತು ಖಾಸಗಿ ಬಂದರು ಯೋಜನೆ. ಬಂದರಿಗೆ ರಸ್ತೆ ಬೇಕು, ರಸ್ತೆಗೆ ದಡ ಬೇಕು. 2022ರ ಜನವರಿಯಲ್ಲಿ ರಸ್ತೆ ಕೆಲಸಕ್ಕೆ ಅಡ್ಡ ನಿಂತ ಮೀನುಗಾರರನ್ನು ಪೊಲೀಸರು ವಶಕ್ಕೆ ಪಡೆದರು. ಅವರಲ್ಲಿ ಹೆಂಗಸರೂ ಇದ್ದರು. ಆಮೆಯನ್ನು ಕಾಯ್ದವರನ್ನೇ ಅಭಿವೃದ್ಧಿಯ ವಿರೋಧಿಗಳು ಅನ್ನುವುದು ಅನ್ಯಾಯ.

ಕಾನೂನು ಏನು ಹೇಳುತ್ತದೆ? ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ನಿಯಮದಂತೆ ಆಮೆ ಮೊಟ್ಟೆಯಿಡುವ ದಡ ಸಿಆರ್‌ಝಡ್ 1ಎ ವಲಯಕ್ಕೆ ಸೇರುತ್ತದೆ. ಅಂದರೆ ಅತಿ ಕಟ್ಟುನಿಟ್ಟಿನ ರಕ್ಷಣೆ. ಮೀನು ಒಣಗಿಸುವ ಜಾಗವೂ ಇದೇ ನಿಯಮದಡಿ ತಯಾರಾಗುವ ಕರಾವಳಿ ನಕ್ಷೆಯಲ್ಲಿ ಇರಬೇಕು. ನಕ್ಷೆಯಲ್ಲಿ ಬಿಟ್ಟುಹೋದರೆ ಕಚೇರಿಯವರ ಕಣ್ಣಿಗೆ ಅದು ಬರೀ ಖಾಲಿ ಮರಳು.

ನೀವು ಕರಾವಳಿಯವರಾಗಿದ್ದರೆ, ಗೂಡು ಕಂಡಾಗ ದೂರದಿಂದಲೇ ಫೋಟೊ ತೆಗೆದು ತಾರೀಖು, ಜಾಗ ಬರೆದಿಡಿ. ಕರಡು ನಕ್ಷೆ ಸಾರ್ವಜನಿಕ ಅಹವಾಲಿಗೆ ಬಂದಾಗ ನಿಮ್ಮೂರಿನ ದಡ ಅದರಲ್ಲಿ ಹೇಗೆ ಗುರುತಾಗಿದೆ ನೋಡಿ. ತಪ್ಪಿದ್ದರೆ ಆ ಫೋಟೊ ಲಗತ್ತಿಸಿ ಲಿಖಿತ ಆಕ್ಷೇಪಣೆ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.